ಬೀದಿ ಮತ್ತು ರಸ್ತೆ: ಬೆಂಗಳೂರು ಪೇಟೆಯ ಮಾರ್ಗಗಳ ವಿಚಾರ

ಊರೊಳಗಿನ ದಾರಿಗೆ ಕನ್ನಡದಲ್ಲಿ ಬೀದಿ, ಕೇರಿ, ಓಣಿ, ಗಲ್ಲಿ, ರಸ್ತೆ ಮುಂತಾಗಿ ಹಲವು ಹೆಸರುಗಳುಂಟು. ಮೇಲುನೋಟಕ್ಕೆ ಇವು ಪರ್ಯಾಯಪದಗಳಂತೆ ತೋರಿದರೂ ಅರ್ಥದಲ್ಲಿ ಸಮವಲ್ಲ. ಬೀದಿ ಎಂಬುದು ಸಂಸ್ಕೃತದ ವೀಥೀ ಶಬ್ದದ ತದ್ಭವ. ಅಮರಸಿಂಹನು ಈ ಶಬ್ದವನ್ನು ಆಲಿ, ಆವಲಿ, ಪಂಕ್ತಿ, ಶ್ರೇಣಿಗಳೊಡನೆ ಸಾಲು ಎಂಬರ್ಥದಲ್ಲಿ ಪಠಿಸಿರುವನು. ಆದಕಾರಣ ಬೀದಿಯೆಂದಾಗ ಮೊದಲು ತೋರಬೇಕಾದುದು ನಡೆಯುವ ನೆಲವಲ್ಲ. ಅದರ ಎರಡು ಮಗ್ಗುಲಲ್ಲಿಯೂ ನಿಂತ ಮನೆ ಮಳಿಗೆಗಳ ಸಾಲು. ರಸ್ತೆಯಾದರೋ ಪಾರಸೀ ಮೂಲದ್ದು. ಹೋಗುವ ದಾರಿಯೆಂಬಷ್ಟೇ ಅದರ ಅರ್ಥ. ಕಳೆದ ಐದಾರು ದಶಕಗಳಲ್ಲಿ ಬೆಂಗಳೂರು ಪೇಟೆಯ ಮಾರ್ಗಗಳಿಗೆ ಒದಗಿದ ಸ್ಥಿತ್ಯಂತರವನ್ನು ಈ ಎರಡು ಶಬ್ದಗಳ ಅಂತರದಿಂದಲೇ ಅಳೆಯಬಹುದು.

ಕೆಂಪೇಗೌಡನು ೧೫೩೭ರಲ್ಲಿ ಈ ಪಟ್ಟಣವನ್ನು ಕಟ್ಟಿಸಿದನೆಂದು ಪ್ರಸಿದ್ಧಿ. ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಹೂಡಿ ಉಳಿಸಿ, ಆ ಗೆರೆಗಳ ಮೇಲೆ ಬೀದಿಗಳನ್ನು ಹಾಕಿಸಿದನೆಂಬ ಐತಿಹ್ಯವೂ ಜನರ ಬಾಯಲ್ಲಿದೆ. ಉತ್ತ ಗೆರೆಗೂ ಪಂಕ್ತಿಗೂ ಕನ್ನಡದಲ್ಲಿ ಸಾಲೆಂಬ ಒಂದೇ ಹೆಸರಿರುವುದನ್ನು ಇಲ್ಲಿ ನೆನೆಯಬಹುದು. ಈ ಮಾರ್ಗಗಳ ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ಬೆಳೆದುವು. ಒಂದೊಂದು ಹೆಸರೂ ಒಂದು ಸರಕನ್ನೋ ಒಂದು ಕಸುಬನ್ನೋ ಸೂಚಿಸುತ್ತದೆ. ಪಂಕ್ತಿವಾಚಕವಾದ ಶ್ರೇಣಿ ಶಬ್ದವೇ ಸಂಸ್ಕೃತದಲ್ಲಿ ಕುಶಲಕರ್ಮಿಗಳ ಸಂಘಕ್ಕೂ ಸಲ್ಲುವುದರಿಂದ, ಸಾಲಿಗೂ ಕಸುಬಿಗೂ ಉಳ್ಳ ನಂಟು ಹೊಸದೇನೂ ಅಲ್ಲ.

ಇಂತಹ ಬೀದಿಯಲ್ಲಿ ಜಗಲಿಯು ಮನೆಗೂ ಸೇರಿದ್ದು, ಬೀದಿಗೂ ಸೇರಿದ್ದು. ಅಲ್ಲಿ ಲೆಕ್ಕ ಬರೆಯುವವನು ಕುಳಿತಿರುವನು, ದಾರಿಗನು ಹೊರೆಯಿಳಿಸಿ ದಣಿವಾರಿಸಿಕೊಳ್ಳುವನು, ಸಂಜೆ ನಾಲ್ವರು ಹಿರಿಯರು ಸೇರುವರು. ಗಾಡಿಯು ಬಂದರೆ ಜನ ಸರಿಯುತ್ತಿದ್ದರು. ಜನ ಕೂಡಿದರೆ ಗಾಡಿಯು ಕಾಯುತ್ತಿತ್ತು. ನಿಲ್ಲುವುದಕ್ಕೂ ನಡೆಯುವುದಕ್ಕೂ ಸಮಾನವಾದ ಹಕ್ಕಿದ್ದುದೇ ಬೀದಿಯ ಲಕ್ಷಣ.

ಈ ಲಕ್ಷಣಕ್ಕೆ ಮೊದಲ ಭಂಗವು ಪೇಟೆಯ ಹೊರಗೆ ಕಾಣಬರುತ್ತದೆ. ೧೮೯೮ರ ಪ್ಲೇಗಿನ ತರುವಾಯ ಬೇಗಬೇಗನೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿಬೆಳಕುಗಳಿಗೆ ಅನುಕೂಲವಾದ ನೇರ ಮಾರ್ಗಗಳನ್ನು ಹಾಕಿದರು. ಆರೋಗ್ಯದೃಷ್ಟಿಯಿಂದ ಇದು ಯುಕ್ತವೇ. ಆದರೆ ಆ ಮಾರ್ಗಗಳಲ್ಲಿ ಹಲವಕ್ಕೆ ಹೆಸರಿಲ್ಲ; ಇಷ್ಟನೆಯ ಮುಖ್ಯರಸ್ತೆ, ಇಷ್ಟನೆಯ ಅಡ್ಡರಸ್ತೆ ಎಂಬ ಎಣಿಕೆ ಮಾತ್ರ. ಪೇಟೆಯೊಳಗಾದರೋ ದೊಡ್ಡಪೇಟೆಯ ಬೀದಿಯು ಬ್ರಿಟಿಷರ ಕಾಲದಲ್ಲಿ ಅವೆನ್ಯೂ ರಸ್ತೆಯಾಯಿತು. ಸಾಲುಮರಗಳ ದಾರಿಯೆಂದು ಆ ಹೆಸರಿನ ಅರ್ಥ. ಈಗ ಅಲ್ಲಿರುವುದು ಅಂಗಡಿಗಳ ಸಾಲೇ; ಪುಸ್ತಕದಂಗಡಿಗಳೂ ಅದರಲ್ಲಿರುವುದು ವಿದ್ಯಾರ್ಥಿಗಳ ಭಾಗ್ಯ. ೧೯೦೫ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಬೀದಿದೀಪಗಳು ಉರಿದ ಮೇಲೆ ಪೇಟೆಗೆ ಇರುಳ ವ್ಯಾಪಾರವೂ ಸುಲಭವಾಯಿತು.

ಪೂರ್ಣವಾದ ಪರಿವರ್ತನೆಯು ಈಚಿನದು. ೧೯೭೧ರ ಜನಗಣತಿಯಲ್ಲಿ ೧೬ ಲಕ್ಷವನ್ನು ದಾಟಿದ್ದ ನಗರದ ಜನಸಂಖ್ಯೆಯು ೨೦೧೧ರಲ್ಲಿ ೮೪ ಲಕ್ಷವನ್ನು ಮೀರಿತು. ನೋಂದಾಯಿತ ವಾಹನಗಳು ೨೦೨೩ರ ವೇಳೆಗೆ ಒಂದು ಕೋಟಿಯನ್ನು ದಾಟಿದ್ದುವು. ಎತ್ತಿನ ಗಾಡಿಯ ಅಗಲಕ್ಕೆ ತಕ್ಕ ದಾರಿಗಳ ಮೇಲೆ ಈ ಭಾರವು ಬಿದ್ದಿತು. ಎಷ್ಟೋ ಜಗಲಿಗಳು ಅಂಗಡಿಗಳಾದುವು, ಅಥವಾ ಮಾರ್ಗದ ಅಗಲೀಕರಣದಲ್ಲಿ ಅಳಿದುವು. ೧೯೯೯ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೇಲುಗಡೆ ಮೇಲ್ಸೇತುವೆಯು ಸಿದ್ಧವಾಯಿತು. ೨೦೧೭ರಲ್ಲಿ ಚಿಕ್ಕಪೇಟೆ ಮತ್ತು ಮಾರುಕಟ್ಟೆಗಳ ಅಡಿಯಲ್ಲಿ ಮೆಟ್ರೋ ರೈಲು ಓಡತೊಡಗಿತು. ಹೀಗೆ ಮಾರ್ಗವು ಅಲ್ಲಿ ಮೂರು ಅಂತಸ್ತಿನದಾಯಿತು. ಮೇಲೂ ಕೆಳಗೂ ಇರುವುದು ಶುದ್ಧವಾದ ರಸ್ತೆ. ಅಲ್ಲಿ ನಿಲ್ಲುವವನಿಗೆ ಕೆಲಸವಿಲ್ಲ. ನಡುವಣ ಅಂತಸ್ತಿನಲ್ಲಿ ಹೂವಿನವರು, ಸೊಪ್ಪಿನವರು, ಹೊರೆಯಾಳುಗಳು ಇನ್ನೂ ಬೀದಿಯನ್ನು ನಡೆಸುತ್ತಿದ್ದಾರೆ.

ಹೆಸರು ಉಳಿದು ಅರ್ಥ ಸರಿದುದಕ್ಕೆ ಬಳೆಪೇಟೆಯೇ ನಿದರ್ಶನ: ಈಗ ಅದು ವಾದ್ಯಗಳ ಅಂಗಡಿಗಳಿಗೆ ಪ್ರಸಿದ್ಧ. ಇದಕ್ಕಾಗಿ ಶೋಕಿಸಬೇಕಾದುದಿಲ್ಲ, ಸರಕು ಬದಲಾದರೂ ಸಾಲು ಉಳಿದರೆ ಬೀದಿಯು ಉಳಿದಂತೆಯೇ. ಚೈತ್ರದ ಹುಣ್ಣಿಮೆಯ ಇರುಳು ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಪೇಟೆಗಳನ್ನು ಸುತ್ತಿ, ಅರಳೆಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು, ಬೆಳಗಿನ ಹೊತ್ತಿಗೆ ಹಿಂದಿರುಗುವುದು. ಆ ಒಂದು ರಾತ್ರಿ ವಾಹನವೇ ಜನಕ್ಕೆ ದಾರಿ ಬಿಡುತ್ತದೆ.

ಮಿಕ್ಕ ದಿನಗಳಲ್ಲಿ ನಿಂತು ಮಾರುವವನ ಹಕ್ಕೇನು? ಬಹುಕಾಲ ಆತನು ಸಂಚಾರಕ್ಕೆ ಅಡ್ಡಿಯೆಂದೇ ಎಣಿಸಲ್ಪಟ್ಟನು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯು ಈ ಎಣಿಕೆಯನ್ನು ತಿದ್ದಿತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರತಕ್ಕದ್ದೆಂದು ಅದರ ವಿಧಿ. ಕನ್ನಡದಲ್ಲಿ ಈ ಜನಕ್ಕೆ ಬೀದಿ ವ್ಯಾಪಾರಿಗಳೆಂದೇ ರೂಢಿ, ರಸ್ತೆ ವ್ಯಾಪಾರಿಗಳೆಂದಲ್ಲ. ಲೋಕವ್ಯವಹಾರವು ಶಬ್ದವಿವೇಕವನ್ನು ಬಿಟ್ಟಿಲ್ಲ. ಮಾರುವವರೂ ಕೊಳ್ಳುವವರೂ ಪರಂಪರೆಯಿಂದ ಕೂಡುತ್ತ ಬಂದ ಎಡೆಗೆ ಸಹಜ ಮಾರುಕಟ್ಟೆಯೆಂದು ಆ ಕಾಯಿದೆಯು ಲಕ್ಷಣ ಹೇಳಿ, ಸಮೀಕ್ಷೆಯಲ್ಲಿ ಹಾಗೆ ಗುರುತಿಸಲ್ಪಟ್ಟ ಸ್ಥಳವನ್ನು ವ್ಯಾಪಾರನಿಷಿದ್ಧವೆಂದು ಸಾರಕೂಡದೆನ್ನುತ್ತದೆ. ಪರಂಪರೆಯೆಂಬುದಕ್ಕೆ ಇಲ್ಲಿ ಸಾಕ್ಷ್ಯ ಬೇಕಾಗುವುದು. ಪೇಟೆಯ ಯಾವ ಬೀದಿಗೆ ಈ ಲಕ್ಷಣವು ಸಲ್ಲುವುದೆಂದು ನಿರ್ಣಯಿಸುವವರು ಇಂದಿನ ವಾಹನಗಳ ಎಣಿಕೆಯೊಡನೆ ಅಕ್ಕಿ, ರಾಗಿ, ಅರಳೆ, ಬಳೆಗಳ ಈ ಹಳೆಯ ಹೆಸರುಗಳನ್ನೂ ಪ್ರಮಾಣವಾಗಿ ಹಿಡಿಯುವುದು ನ್ಯಾಯ.