ಕಾಲುವೆಯ ಒಡಲು: ತುಂಗಭದ್ರೆಯ ನೀರು ನಡೆದ ದಾರಿ

ಆದವಾನಿ, ಆಲೂರು, ರಾಯದುರ್ಗಗಳ ಕನ್ನಡಿಗರಿಗೆ 1953 ಎರಡು ಕಾರಣಗಳಿಂದ ಮರೆಯಲಾಗದ ವರ್ಷ. ಆ ವರ್ಷ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು; ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಈ ಮೂರು ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿಯ ಕುರಿತು ನಮ್ಮ ಹಿರಿಯರು ಸಾಕಷ್ಟು ಬರೆದಿದ್ದಾರೆ. ಗಡಿ ದಾಟಿ ಬರುವ ನೀರನ್ನು ಹೊತ್ತು ತರುವ ಕಾಲುವೆಯ ಕುರಿತು ಬರೆದದ್ದು ಕಡಿಮೆ. ಕಾಲುವೆ ಎಷ್ಟು ಅಗಲವಿರಬೇಕು, ಎಷ್ಟು ಆಳವಿರಬೇಕು, ಅದರ ದಡ ಎಷ್ಟು ಓರೆಯಿರಬೇಕು ಎಂಬ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ಕಾಲುವೆಯ ಕೊನೆಯಲ್ಲಿರುವ ರೈತನ ಬದುಕು ಆ ಉತ್ತರಗಳನ್ನೇ ನಂಬಿಕೊಂಡಿದೆ.

ತುಂಗಭದ್ರೆಯ ದಂಡೆಯಲ್ಲಿ ಈ ವಿದ್ಯೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ದೊಡ್ಡ ಕಲ್ಲುಗಳನ್ನು ಜೋಡಿಸಿ ಒಡ್ಡು ಕಟ್ಟಿ, ನೆಲದ ಮಟ್ಟವನ್ನು ಅನುಸರಿಸಿ ಬಳುಕುವ ಕಾಲುವೆಗಳನ್ನು ತೋಡಿದರು. 1521ರಲ್ಲಿ ಕೃಷ್ಣದೇವರಾಯನು ಕೊರಗಲ್ಲಿನ ಅಣೆಯನ್ನೂ ಬಸವಣ್ಣ ಕಾಲುವೆಯನ್ನೂ ಮಾಡಿಸಿದನು. ಹಂಪೆಯ ಕಣಿವೆಯಲ್ಲಿ ಹರಿಯುವ ತುರ್ತು ಕಾಲುವೆ ಇಂದಿಗೂ ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿದೆ. ಅವರಿಗೆ ಸೂತ್ರಗಳಿರಲಿಲ್ಲ, ನೆಲವನ್ನು ಓದುವ ಕಣ್ಣಿತ್ತು.

ಸೂತ್ರ ಹುಟ್ಟಿದ್ದು ಫ್ರಾನ್ಸಿನಲ್ಲಿ. ಇವೆತ್ ನದಿಯ ನೀರನ್ನು ಪ್ಯಾರಿಸ್ ನಗರಕ್ಕೆ ತರುವ ಯೋಜನೆಯಲ್ಲಿ ತೊಡಗಿದ್ದ ಆಂತ್ವಾನ್ ಶೆಜಿ ಎಂಬ ಇಂಜಿನಿಯರನು 1775ರ ಹೊತ್ತಿಗೆ ಒಂದು ಸರಳ ಸತ್ಯವನ್ನು ಕಂಡುಕೊಂಡನು. ಹರಿಯುವ ನೀರನ್ನು ಇಳಿಜಾರು ಮುಂದಕ್ಕೆ ಎಳೆಯುತ್ತದೆ. ತಳವೂ ದಡಗಳೂ ಉಜ್ಜಿ ಹಿಂದಕ್ಕೆ ತಡೆಯುತ್ತವೆ. ಆದ್ದರಿಂದ ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗುವ ಅಂಚಿನ ಉದ್ದದಿಂದ ಭಾಗಿಸಿದಾಗ ಬರುವ ಅಳತೆಯೇ ವೇಗಕ್ಕೆ ಆಧಾರ. ಇದನ್ನು ಜಲತ್ರಿಜ್ಯ ಎನ್ನುತ್ತೇವೆ. 1889ರಲ್ಲಿ ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ವಿಚಾರದಿಂದ ಬೆಳೆದ, ಅವನ ಹೆಸರಿನಲ್ಲೇ ಪ್ರಸಿದ್ಧವಾದ ಸೂತ್ರ ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿದೆ.

ಒಂದು ಉದಾಹರಣೆ ನೋಡೋಣ. 8 ಚದರ ಮೀಟರ್ ವಿಸ್ತೀರ್ಣದ ಎರಡು ಆಯತಾಕಾರದ ಕಾಲುವೆಗಳಿವೆಯೆಂದು ತಿಳಿಯಿರಿ. ಒಂದು 8 ಮೀಟರ್ ಅಗಲ, 1 ಮೀಟರ್ ಆಳ. ನೀರು ತಾಗುವ ಅಂಚು 10 ಮೀಟರ್. ಇನ್ನೊಂದು 4 ಮೀಟರ್ ಅಗಲ, 2 ಮೀಟರ್ ಆಳ. ಅಂಚು 8 ಮೀಟರ್. ಇಳಿಜಾರೂ ಒರಟುತನವೂ ಒಂದೇ ಆಗಿದ್ದರೆ ಮ್ಯಾನಿಂಗ್ ಸೂತ್ರದ ಪ್ರಕಾರ ಎರಡನೆಯದು ಸುಮಾರು 16 ಶೇಕಡಾ ಹೆಚ್ಚು ನೀರನ್ನು ಸಾಗಿಸುತ್ತದೆ. ಆಯತದಲ್ಲಿ ಅಗಲವು ಆಳದ ಇಮ್ಮಡಿಯಿರುವುದೇ ಶ್ರೇಷ್ಠ. ಓರೆ ದಡದ ಕಾಲುವೆಗಳಲ್ಲಿ ಅರ್ಧ ಷಟ್ಕೋನ ಇನ್ನೂ ಮೇಲು. ಎಲ್ಲಕ್ಕಿಂತ ಮೇಲಾದುದು ಅರ್ಧವೃತ್ತ. ಈ ಮೂರರಲ್ಲಿಯೂ ಜಲತ್ರಿಜ್ಯವು ಆಳದ ಸರಿಯರ್ಧವಾಗಿರುವುದು ಗಣಿತದ ಒಂದು ಸೊಗಸು. ಅಂಚು ಕಡಿಮೆಯಾದಷ್ಟೂ ಒಳಮೈಗೆ ಹೊದಿಸುವ ಕಲ್ಲು, ಕಾಂಕ್ರೀಟುಗಳ ಖರ್ಚೂ ಇಳಿಯುತ್ತದೆ.

ಹಾಗಾದರೆ ನಮ್ಮ ಕಾಲುವೆಗಳೇಕೆ ಅರ್ಧ ಷಟ್ಕೋನಗಳಾಗಿಲ್ಲ? ಮೊದಲ ಉತ್ತರವನ್ನು ನಮ್ಮ ಕರ್ನೂಲು ಜಿಲ್ಲೆಯಲ್ಲಿಯೇ ಕಾಣಬಹುದು. ಸರ್ ಆರ್ಥರ್ ಕಾಟನ್ನನ ಪ್ರೇರಣೆಯಿಂದ, ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಸರ್ಕಾರದ ಬಡ್ಡಿ ಖಾತರಿ ಪಡೆದು, ಮದ್ರಾಸ್ ನೀರಾವರಿ ಕಂಪನಿಯು 1860ರ ದಶಕದಲ್ಲಿ ಸುಂಕೇಸುಲದಿಂದ ಕರ್ನೂಲು-ಕಡಪಾ ಕಾಲುವೆಯನ್ನು ತೋಡಿತು. ಅದೇ ಕಾಲುವೆ ಹೊಲಕ್ಕೆ ನೀರೂ ಉಣಿಸಬೇಕು, ದೋಣಿಗಳನ್ನೂ ಸಾಗಿಸಬೇಕು. ದೋಣಿಗೆ ಅಗಲವೂ ಮಂದಗತಿಯೂ ಬೇಕು. ನೀರಾವರಿಗೆ ಬೇಕಾದದ್ದು ಕಿರಿದಾದ ಒಡಲು, ಚುರುಕಾದ ಹರಿವು. ಖರ್ಚು ಅಂದಾಜನ್ನು ಮೀರಿತು. ಕಡೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ಎರಡನೆಯ ಉತ್ತರ ಹೂಳು. ಪಂಜಾಬಿನ ಮೇಲಣ ಬಾರಿ ದೋವಾಬ್ ಕಾಲುವೆಯಲ್ಲಿ ದುಡಿದ ಆರ್.ಜಿ. ಕೆನೆಡಿ 1895ರಲ್ಲಿ, ಆಳಕ್ಕೆ ತಕ್ಕ ವೇಗವಿಲ್ಲದಿದ್ದರೆ ಹೂಳು ತುಂಬುತ್ತದೆ, ವೇಗ ಮೀರಿದರೆ ಕಾಲುವೆ ಕೊರೆಯುತ್ತದೆ ಎಂದು ತೋರಿಸಿದನು. ಶುದ್ಧ ನೀರಿನ ಗಣಿತ ಹೂಳುನೀರಿಗೆ ಸಾಲದು.

ಮೂರನೆಯದು ನಮ್ಮ ಕಾಲಡಿಯಲ್ಲೇ ಇದೆ: ಎರೆಮಣ್ಣು. ಅರ್ಧ ಷಟ್ಕೋನದ ದಡ 60 ಡಿಗ್ರಿ ಕಡಿದಾಗಿರುತ್ತದೆ. ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವ ಎರೆನೆಲ ಅಷ್ಟು ಕಡಿದಾಗಿ ನಿಲ್ಲಲಾರದು. ಆದುದರಿಂದ ಒಂದು ಅಳತೆ ಎತ್ತರಕ್ಕೆ ಒಂದೂವರೆಯೋ ಎರಡೋ ಅಳತೆ ಓರೆ ಕೊಡಬೇಕಾಗುತ್ತದೆ. ಮೇಲೆ ಕಾಂಕ್ರೀಟು ಹೊದಿಸಿದರೂ ಮಣ್ಣಿನ ಉಬ್ಬರ ಅದನ್ನು ಸೀಳುತ್ತದೆ. ಉಬ್ಬದ ಅಂಟುಮಣ್ಣಿನ ಪದರವೊಂದನ್ನು ನಡುವೆ ಹಾಸಿದರೆ ಈ ಒತ್ತಡವನ್ನು ತಡೆಯಬಹುದೆಂದು ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಗಳಲ್ಲಿ ಆ ವಿಧಾನ ಬಳಕೆಗೆ ಬಂದಿತು.

ತುಂಗಭದ್ರೆಯ ಬಲದಂಡೆಯ ಕೆಳಮಟ್ಟದ ಕಾಲುವೆ ಹೊಸಪೇಟೆ, ಬಳ್ಳಾರಿ ಸೀಮೆಗಳನ್ನು ಹಾದು ಆದವಾನಿಯ ಕಡೆಗೆ ಬರುತ್ತದೆ. ಮೇಲ್ಮಟ್ಟದ ಕಾಲುವೆ ಅನಂತಪುರದ ಒಣನೆಲಕ್ಕೆ ಹೋಗುತ್ತದೆ. ಕೆಳಮಟ್ಟದ ಕಾಲುವೆಯ ಉದ್ದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಇಷ್ಟು ದೂರದಲ್ಲಿ ಅಂಚಿನ ಪ್ರತಿಯೊಂದು ಅಡಿಯೂ ನೀರನ್ನು ಉಜ್ಜುವುದಲ್ಲದೆ ಹೀರಿಕೊಳ್ಳುತ್ತದೆ. ಜಲಾಶಯವೂ ಮೊದಲಿನಂತಿಲ್ಲ, 1953ರಲ್ಲಿ ಸುಮಾರು 133 ಟಿಎಂಸಿ ಅಡಿಗಳಷ್ಟಿದ್ದ ಅದರ ಸಾಮರ್ಥ್ಯವನ್ನು ಹೂಳು 106ರ ಆಸುಪಾಸಿಗೆ ಇಳಿಸಿದೆ. ಹೀಗಿರುವಾಗ ದಾರಿಯಲ್ಲಿ ಕಳೆಯುವ ನೀರಿಗೆ ಬೆಲೆ ಹೆಚ್ಚು.

ನಕಾಶೆಯಲ್ಲಿ ಬರೆದ ಆಕಾರ ನೆಲದ ಮೇಲೆ ಉಳಿಯಬೇಕಾದರೆ ಆರೈಕೆ ಬೇಕು. ಶುಚಿಯಾದ ಮಣ್ಣಿನ ಕಾಲುವೆಯ ಒರಟುತನದ ಅಂಕ 0.025ರಷ್ಟು, ಜೊಂಡು, ಕಳೆ ಬೆಳೆದರೆ ಅದು 0.05ಕ್ಕೆ ಏರಬಹುದು. ಆಗ ಅದೇ ಆಳದಲ್ಲಿ ಹರಿಯುವ ನೀರು ಅರ್ಧಕ್ಕಿಳಿಯುತ್ತದೆ. ಯಾವ ಶ್ರೇಷ್ಠ ಆಕಾರವೂ ಈ ನಷ್ಟವನ್ನು ತುಂಬಿಕೊಡಲಾರದು. ಹಿಂದೆ ನಮ್ಮ ಹಳ್ಳಿಗಳಲ್ಲಿ ನೀರಗಂಟಿಯೊಬ್ಬನಿದ್ದು ತೂಬು ಕಾಯುತ್ತಿದ್ದನು. ಮಳೆಗಾಲಕ್ಕೆ ಮುನ್ನ ಊರವರು ಕೂಡಿ ಕಾಲುವೆಯ ಹೂಳೆತ್ತುತ್ತಿದ್ದರು. ಆ ಕೆಲಸಕ್ಕೆ ಕನ್ನಡವೋ ತೆಲುಗೋ ಎಂಬ ಭೇದವಿರಲಿಲ್ಲ, ಏಕೆಂದರೆ ಮೇಲಿನ ಹೊಲದವನು ಕೈಬಿಟ್ಟರೆ ಕೆಳಗಿನ ಹೊಲ ಒಣಗುತ್ತಿತ್ತು. ನಮ್ಮ ಸಂಘದ ಸದಸ್ಯರಲ್ಲಿ ಕಾಲುವೆಯಂಚಿನ ಹೊಲದವರು ಹಲವರಿದ್ದಾರೆ. ಈ ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ಮಕ್ಕಳನ್ನು ದಡಕ್ಕೆ ಕರೆದೊಯ್ದು ಅದರ ಒಡಲನ್ನು ತೋರಿಸಲಿ. ಎಲ್ಲಿ ಹೂಳಿದೆ, ಎಲ್ಲಿ ದಡ ಕುಸಿದಿದೆ ಎಂದು ಗುರುತಿಸಿ, ನೀರು ಬರುವ ಮೊದಲೇ ಸಂಬಂಧಪಟ್ಟವರಿಗೆ ತಿಳಿಸಲಿ.