ಕೇನ್ಸರು ಪಡೆಯದ ಪದವಿ

ಬಿ.ಎ. ಮುಗಿಸಿದವರು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುವುದೋ, ಉದ್ಯೋಗ ಹಿಡಿಯುವುದೋ ಎಂದು ತೂಗಿ ನೋಡುವುದು ಹೊಸತಲ್ಲ. ಇಂಥದೇ ಪ್ರಶ್ನೆ 1905ರಲ್ಲಿ ಕೇಂಬ್ರಿಜ್ಜಿನ ತರುಣ ಜಾನ್ ಮೇನಾರ್ಡ್ ಕೇನ್ಸರ ಮುಂದೆಯೂ ಬಂದು ನಿಂತಿತ್ತು.

ಆ ವರ್ಷ ಕೇನ್ಸರು ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಹನ್ನೆರಡನೆಯವರಾಗಿ ತೇರ್ಗಡೆಯಾದರು. ಅರ್ಥಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ಟ್ರೈಪಾಸ್ ಏರ್ಪಟ್ಟದ್ದು 1903ರಲ್ಲಿ. ಅದನ್ನು ಪಟ್ಟುಹಿಡಿದು ತಂದವರು ಆಲ್ಫ್ರೆಡ್ ಮಾರ್ಷಲ್. ಕೇನ್ಸರು ಅವರಲ್ಲಿ ಕೆಲವು ತಿಂಗಳು ಪಾಠ ಕೇಳಿದರು. ಪ್ರಬಂಧಗಳನ್ನು ಬರೆದೊಪ್ಪಿಸಿ ತಿದ್ದಿಸಿಕೊಂಡರು. ಈ ಪರೀಕ್ಷೆಗೂ ಕುಳಿತುಕೊಳ್ಳಬೇಕೆಂದು ಗುರುಗಳು ಒತ್ತಾಯಿಸಿದರು. ಶಿಷ್ಯರು ಒಪ್ಪದೆ 1906ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಬರೆದರು. ಎರಡನೆಯ ಸ್ಥಾನ ಬಂದಿತು. ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ನೌಕರಿಯೂ ದೊರೆಯಿತು.

ಆದರೆ ಕಚೇರಿಯ ಕಡತಗಳು ಅವರನ್ನು ಬಹುಕಾಲ ಹಿಡಿದಿಡಲಿಲ್ಲ. 1908ರಲ್ಲಿ ರಾಜೀನಾಮೆಯಿತ್ತು, ಮಾರ್ಷಲರ ಬೆಂಬಲದಿಂದ ಕೇಂಬ್ರಿಜ್ಜಿಗೆ ಮರಳಿ, ಅರ್ಥಶಾಸ್ತ್ರದ ಅಧ್ಯಾಪಕರೇ ಆದರು. 1913ರಲ್ಲಿ ಹೊರಬಂದ ಅವರ ಮೊದಲ ಗ್ರಂಥ ಭಾರತದ ನಾಣ್ಯಪದ್ಧತಿಯನ್ನೇ ಕುರಿತದ್ದು. ಇಂಡಿಯಾ ಆಫೀಸಿನ ಅನುಭವ ಅದಕ್ಕೆ ನೆರವಾಯಿತು. ಆದರೂ ಆ ಶಾಸ್ತ್ರದಲ್ಲಿ ಅವರು ಪರೀಕ್ಷೆ ಬರೆದು ಪದವಿ ಪಡೆಯಲೇ ಇಲ್ಲ.

ಹಾಗಾದರೆ ಪದವಿ ವ್ಯರ್ಥವೆ? ಹಾಗೆನ್ನುವುದು ಅವಸರದ ತೀರ್ಮಾನ. ಕೇನ್ಸರ ತಂದೆಯೇ ಅರ್ಥಶಾಸ್ತ್ರ ಬಲ್ಲ ವಿದ್ವಾಂಸರು; ಬರೆದುದನ್ನು ತಿದ್ದಲು ಮಾರ್ಷಲರಿದ್ದರು. ಅಂಥ ಅನುಕೂಲವಿಲ್ಲದವರಿಗೆ ಗುರು, ಗ್ರಂಥಾಲಯ, ಓರಗೆಯವರೊಡನೆ ವಾದ, ಇವೆಲ್ಲ ಒಂದೆಡೆ ಒದಗುವುದು ಎಂ.ಎ. ತರಗತಿಯಲ್ಲಿಯೇ. ಆದ್ದರಿಂದ ಸೇರುವ ಮುನ್ನ ವಿಚಾರಿಸಬೇಕಾದುದು ಪದವಿಯ ಬೆಲೆಯೊಂದನ್ನೇ ಅಲ್ಲ. ಅಲ್ಲಿ ನಮ್ಮ ಬರವಣಿಗೆಯನ್ನು ಓದಿ ತಿದ್ದುವವರು ಯಾರು ಎಂಬುದನ್ನು.