ಫ್ರೀಡಂ ಪಾರ್ಕಿನ ಗೋಡೆಯೊಳಗೆ ಸ್ನೇಹಲತಾ



ಬಾಣಾವರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಧರಣಿಗೆ ಹೋದಾಗಲೆಲ್ಲ ನಾವು ಕೂರೋದು ಫ್ರೀಡಂ ಪಾರ್ಕಲ್ಲಿ. ಅದು ಹಳೇ ಸೆಂಟ್ರಲ್ ಜೈಲು ಅಂತ ನಮ್ಮ ಹುಡುಗರಿಗೆ ಗೊತ್ತು. ಅಲ್ಲಿ ಸ್ನೇಹಲತಾ ರೆಡ್ಡಿ ಇದ್ದರು ಅನ್ನೋದು ಗೊತ್ತಿಲ್ಲ.

1970ರ 'ಸಂಸ್ಕಾರ' ಸಿನಿಮಾದ ಚಂದ್ರಿ ಅವರು. ಅಗ್ರಹಾರದವರು ಮುಟ್ಟದೆ ಬಿಟ್ಟ ಹೆಣಕ್ಕೆ ಗತಿ ಕಾಣಿಸಿದ ಚಂದ್ರಿ. (ಆ ಚಿತ್ರವನ್ನೂ ಸೆನ್ಸಾರ್‌ನವರು ಮೊದಲು ತಡೆದಿದ್ದರು.) ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಕೇಸಿನ ನೆಪದಲ್ಲಿ ಹಿಡಿದರು. ಕೊನೆಯ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಹಾಕಿ ಒಳಗೇ ಇಟ್ಟರು. ಸಣ್ಣ ಕೋಣೆ, ಮೂಲೆಯಲ್ಲಿ ಕಕ್ಕಸಿಗೊಂದು ಗುಂಡಿ, ಮಲಗೋಕೆ ನೆಲ. ಆಸ್ತಮಾ ಬೇರೆ. ಅಂಥದ್ದರಲ್ಲೂ ಡೈರಿ ಬರೆದರು. ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಏಟಿನ ವಿರುದ್ಧ, ಕೆಟ್ಟ ಊಟದ ವಿರುದ್ಧ ಜಗಳ ಆಡಿದರು. 1977ರ ಜನವರಿ 15ಕ್ಕೆ ಪೆರೋಲ್ ಸಿಕ್ತು. 20ಕ್ಕೆ ತೀರಿಕೊಂಡರು. ಡೈರಿ ಅದೇ ವರ್ಷ ಪುಸ್ತಕವಾಯಿತು.

ನನ್ನನ್ನು ಕಾಡೋದು ಇನ್ನೊಂದು. ಏಟು ತಿಂದ ಆ ಹೆಣ್ಣುಮಕ್ಕಳು ಯಾವ ಕೇರಿಯವರು? ಡೈರಿ ಬರೆಯೋಕೆ ಅಕ್ಷರ ಬೇಕಲ್ಲ.

ಅದೆಲ್ಲ ಹಳೇ ಕಾಲ ಅಂತೀರಾ? ಬೆಂಗಳೂರಲ್ಲೇ ವರ್ಷಗಟ್ಟಲೆ ದುಡಿದ ಸ್ಟ್ಯಾನ್ ಸ್ವಾಮಿ, ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯೋಕಾಗದೆ, ಒಂದು ಸಿಪ್ಪರಿಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. 2021ರ ಜುಲೈ 5ರಂದು ಬೇಲ್ ಸಿಗದೇ ಸತ್ತರು. ಅದೇ ಭೀಮಾ ಕೋರೆಗಾಂವ್ ಕೇಸಲ್ಲಿ ಬಾಬಾಸಾಹೇಬರ ಮೊಮ್ಮಗಳ ಗಂಡ, ಲೇಖಕ ಆನಂದ್ ತೇಲ್ತುಂಬ್ಡೆ ಶರಣಾಗಿದ್ದು 2020ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿಯಂದು. ಬೇಲ್ ಮೇಲೆ ಹೊರಬಂದದ್ದು 2022ರ ನವೆಂಬರ್ 26, ಸಂವಿಧಾನ ದಿನದಂದು.